ಮಾತಿನ ಲೆಕ್ಕ ಧಾರವಾಡಕ್ಕೆ ಬಂದ ದಾರಿ

1962ರಲ್ಲಿ ರಾಂಚಿಯ ಕ್ಯಾಥೊಲಿಕ್ ಪ್ರೆಸ್ಸಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಬರೆದವರು ಆರು ಜನ: ಬಿ. ಎಸ್. ರಾಮಕೃಷ್ಣ, ಕೆ. ಕೆ. ನಾಯರ್, ವಿ. ಎನ್. ಚಿಪ್ಳೂಣಕರ್, ಬಿ. ಎಸ್. ಅಟಲ್, ವಿ. ರಾಮಚಂದ್ರನ್, ಆರ್. ಸುಬ್ರಮಣಿಯನ್. ಬರೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಎಂಜಿನಿಯರಿಂಗ್ ವಿಭಾಗ. ಭಾರತದ ಭಾಷೆಗಳಲ್ಲಿ ಯಾವುದು ಎಷ್ಟು ಅಕ್ಷರದಲ್ಲಿ ಎಷ್ಟು ಸುದ್ದಿ ಮುಟ್ಟಿಸುತ್ತದೆ ಎಂಬುದೇ ಪುಸ್ತಕದ ವಿಷಯ. ಭಾಷೆಯ ಮೇಲಿನ ಪುಸ್ತಕವೊಂದನ್ನು ವೈಯಾಕರಣಿಗಳು ಬರೆಯಲಿಲ್ಲ, ತಂತಿ, ಟೆಲಿಫೋನು, ಧ್ವನಿಯ ಎಂಜಿನಿಯರುಗಳು ಬರೆದರು. ಕರ್ನಾಟಕದಲ್ಲಿ ಮಾಹಿತಿ ಸಿದ್ಧಾಂತದ ಚರಿತ್ರೆ ಹೇಳಬೇಕಾದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಏಕೆಂದರೆ ಅರವತ್ತೊಂದು ವರ್ಷಗಳ ನಂತರ ಧಾರವಾಡದಲ್ಲಿ ನಡೆದ ಒಂದು ದೊಡ್ಡ ವಿದ್ವತ್ ಸಮಾವೇಶದ ಬೇರು ಆ ವಿಭಾಗದಲ್ಲಿದೆ.

ಎಂಜಿನಿಯರುಗಳಿಗೆ ಅಕ್ಷರ ಎಣಿಸುವ ಕೆಲಸ ಏಕೆ ಬಂತು? ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಕ್ಲಾಡ್ ಶಾನನ್ 1948ರ ಜುಲೈ ಮತ್ತು ಅಕ್ಟೋಬರಿನಲ್ಲಿ ಎರಡು ಕಂತಾಗಿ ಒಂದು ಲೇಖನ ಪ್ರಕಟಿಸಿದ್ದ. ಸುದ್ದಿಯನ್ನು ಅಳೆಯಬಹುದು, ಎಷ್ಟು ಅನಿರೀಕ್ಷಿತವೋ ಅಷ್ಟು ಅದರ ತೂಕ ಎಂದು ಅದರಲ್ಲಿ ಗಣಿತದಿಂದ ತೋರಿಸಿದ. ಎರಡೂ ಸಮ ಸಾಧ್ಯವಿರುವ ಒಂದು ಹೌದು-ಅಲ್ಲ ಪ್ರಶ್ನೆಗೆ ಸಿಗುವ ಉತ್ತರ ಒಂದು ಬಿಟ್. ಇದನ್ನು ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲೇ ನೋಡಬಹುದು. ಬಸ್ಸಿನ ಬೋರ್ಡನ್ನು ಕೈಯಿಂದ ಮುಚ್ಚಿ, ಒಂದೊಂದೇ ಅಕ್ಷರ ತೆರೆಯುತ್ತಾ ಮುಂದಿನದನ್ನು ಊಹಿಸಲು ಪಕ್ಕದವರಿಗೆ ಹೇಳಿ. ಬರೀ 'ನ' ಕಂಡಾಗ ಊರು ಬೇಕಾದಷ್ಟು. 'ನವ' ಎಂದಾದ ಮೇಲೆ ಈ ಭಾಗದವರಿಗೆ ಉಳಿಯುವುದು ಮುಖ್ಯವಾಗಿ ಮೂರು: ನವನಗರ, ನವಲೂರು, ನವಲಗುಂದ. ಮೂರೂ ಸಮ ಎಂದಿಟ್ಟುಕೊಂಡರೆ ಇನ್ನು ತಿಳಿಯಬೇಕಾದ್ದು 1.58 ಬಿಟ್. 'ನವಲ' ಎಂದು ತೆರೆದ ಕೂಡಲೇ ಆಟ ಮುಗಿಯಿತು. ಆಮೇಲಿನ 'ಗುಂದ' ಹೊಸದೇನನ್ನೂ ಹೇಳುವುದಿಲ್ಲ.

ಹಾಗಾದರೆ 'ಗುಂದ' ವ್ಯರ್ಥವೇ? ಅಲ್ಲ. ಮಳೆ-ಬಿಸಿಲಿಗೆ ಬೋರ್ಡಿನ ಬಣ್ಣ ಹೋಗಿ ಎರಡು ಅಕ್ಷರ ಅಳಿಸಿದರೂ ಪ್ರಯಾಣಿಕ ಸರಿಯಾದ ಬಸ್ಸನ್ನೇ ಹತ್ತುವುದು ಈ ಹೆಚ್ಚುವರಿ ಅಕ್ಷರಗಳಿಂದಲೇ. ಇಂಥದೇ ಊಹೆಯ ಆಟವನ್ನು ಇಂಗ್ಲಿಷ್ ಪಠ್ಯದ ಮೇಲೆ ಆಡಿಸಿ 1951ರಲ್ಲಿ ಶಾನನ್ ಲೆಕ್ಕ ಕೊಟ್ಟ. ಒಂದು ಅಕ್ಷರಕ್ಕೆ ಸುಮಾರು ಒಂದೇ ಬಿಟ್ ಸುದ್ದಿ, ಉಳಿದ ಮುಕ್ಕಾಲು ಪಾಲು ಊಹಿಸಬಹುದಾದದ್ದು. ಗದ್ದಲದ ತಂತಿಯ ಮೇಲೆ ಸಂದೇಶ ಕಳಿಸುವವನು ಮೊದಲು ಇಂಥ ಬೇಡದ ಹೆಚ್ಚುವರಿಯನ್ನು ತೆಗೆದು, ಆಮೇಲೆ ತನಗೆ ಬೇಕಾದ ರೀತಿಯ ಹೆಚ್ಚುವರಿಯನ್ನು ಲೆಕ್ಕಹಾಕಿ ಸೇರಿಸಬೇಕು. ಎಷ್ಟೇ ಗದ್ದಲವಿರಲಿ, ಪ್ರತಿ ತಂತಿಗೂ ಒಂದು ಮಿತಿ ಇರುತ್ತದೆ. ಆ ಮಿತಿಯೊಳಗಿನ ವೇಗದಲ್ಲಿ ಕಳಿಸಿದರೆ ತಪ್ಪನ್ನು ಬೇಕಾದಷ್ಟು ಸಣ್ಣದಾಗಿಸಬಹುದು. ಇಂದಿನ ಮೊಬೈಲು, ಉಪಗ್ರಹ, ಟಿವಿ ಎಲ್ಲವೂ ಈ ಮಾತಿನ ಮೇಲೆ ನಿಂತಿವೆ.

ಶಾನನ್ ಒಬ್ಬನೇ ಕೂತು ಬರೆದದ್ದು ನಿಜ. ಆದರೆ ಆ ಲೇಖನ ಒಂದು ವಿದ್ಯೆಯಾಗಿ ಬೆಳೆದದ್ದು ಜನ ಸೇರಿದ ಕಡೆ. 1950ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಮಾಹಿತಿ ಸಿದ್ಧಾಂತದ ಮೊದಲ ದೊಡ್ಡ ಗೋಷ್ಠಿ ನಡೆಯಿತು, ಶಾನನ್ ಸ್ವತಃ ಹೋಗಿದ್ದ. 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ನಡೆದ ಗೋಷ್ಠಿಯಂತೂ ಹಲವು ಶಾಸ್ತ್ರಗಳ ದಿಕ್ಕು ಬದಲಿಸಿತು. ಅದೇ ವೇದಿಕೆಯಲ್ಲಿ ಯುವಕ ನೋಮ್ ಚಾಮ್ಸ್ಕಿ, ಒಂದರ ಹಿಂದೆ ಒಂದು ಬರುವ ಪದಗಳ ಸಾಧ್ಯತೆ ಎಣಿಸುತ್ತಾ ಹೋದರೆ ಭಾಷೆಯ ವ್ಯಾಕರಣ ಕೈಗೆ ಸಿಗುವುದಿಲ್ಲ ಎಂದು ವಾದಿಸಿದ. ಎಣಿಕೆಯವರು, ವ್ಯಾಕರಣದವರು ಎದುರುಬದುರು ಕೂತು ಮಾತಾಡಿದ ಆ ದಿನಗಳ ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ ಅದು ಮುಗಿಯದಿರುವುದೇ ಒಳ್ಳೆಯದು, ಎರಡೂ ಕಡೆಯವರನ್ನು ಅದು ಎಚ್ಚರವಾಗಿಟ್ಟಿದೆ.

ಭಾರತಕ್ಕೂ ಈ ಗಾಳಿ ಬೇಗನೆ ಬೀಸಿತು. ಸೈಬರ್ನೆಟಿಕ್ಸ್‌ನ ನಾರ್ಬರ್ಟ್ ವೀನರ್ 1955-56ರಲ್ಲಿ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಪಾಠ ಹೇಳಿದ. ಅದೇ ಸಂಸ್ಥೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ ಅಷ್ಟರೊಳಗೆ ಹೆಸರಾಗಿದ್ದರು. ರಾವ್ ಹುಟ್ಟಿದ್ದು ಧಾರವಾಡ ಸೀಮೆಗೆ ದೂರವಲ್ಲದ ಹೂವಿನಹಡಗಲಿಯಲ್ಲಿ, 1920ರಲ್ಲಿ. ಮುಂಡರಗಿ ದಾಟಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಆ ಊರು. ಮನೆಮಾತು ತೆಲುಗು. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ, ಗದ್ದಲದ ನಡುವೆ ಒಂದು ಅಳತೆಯನ್ನು ಎಷ್ಟು ನಿಖರವಾಗಿ ಊಹಿಸಬಹುದು ಎಂಬುದಕ್ಕೆ ಮೇಲಿನ ಗೆರೆ ಎಳೆಯಿತು. ಕ್ರಾಮೆರ್-ರಾವ್ ಮಿತಿ ಎಂಬ ಹೆಸರಿನಲ್ಲಿ ಇಂದು ರೇಡಾರ್ ಮತ್ತು ಸಂಕೇತ ಸಂಸ್ಕರಣೆಯ ಗೋಷ್ಠಿಗಳಲ್ಲಿ ಅದು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸದ ಕೇಂದ್ರ ರಾಮಕೃಷ್ಣ. ಧ್ವನಿವಿಜ್ಞಾನ ಅವರ ಕ್ಷೇತ್ರ, ಮುಂದೆ ಹೈದರಾಬಾದ್ ವಿಶ್ವವಿದ್ಯಾಲಯದ ಕುಲಪತಿಯಾದರು. 1958ರಲ್ಲಿ ಅವರೂ ಸುಬ್ರಮಣಿಯನ್ನರೂ ಅಮೆರಿಕದ ಮಾಹಿತಿ ಸಿದ್ಧಾಂತದ ಪತ್ರಿಕೆಯಲ್ಲಿ, ಒಂದೇ ಅರ್ಥವನ್ನು ಮುಟ್ಟಿಸಲು ಇಂಗ್ಲಿಷ್ ಮತ್ತು ಜರ್ಮನ್ ಎಷ್ಟೆಷ್ಟು ದಕ್ಷ ಎಂದು ಹೋಲಿಸಿ ಬರೆದರು. ನಾಲ್ಕು ವರ್ಷಕ್ಕೆ ಭಾರತೀಯ ಭಾಷೆಗಳ ಪುಸ್ತಕ ಬಂತು. ಗಣಕಯಂತ್ರ ಸುಲಭಕ್ಕೆ ಕೈಗೆಟುಕದ ಕಾಲದಲ್ಲಿ ಈ ಲೆಕ್ಕದ ಹಿಂದೆ ಎಷ್ಟು ಜನರ ತಾಳ್ಮೆ ಇದ್ದಿರಬೇಕೋ! ಶಾನನ್ನನ ಹೊಸ ಗಣಿತವನ್ನು ನಮ್ಮ ನೆಲದ ಮಾತಿನ ಮೇಲೆ ಇಟ್ಟು ನೋಡುವ ಧೈರ್ಯ ಅವರಿಗೆ ಬಂದದ್ದನ್ನು ನಾವು ಸಾಕಷ್ಟು ನೆನೆದಿಲ್ಲ.

ಕನ್ನಡದ ಸರದಿ ಪ್ರತ್ಯೇಕವಾಗಿ 1965ರಲ್ಲಿ ಬಂತು. 'ಇನ್ಫರ್ಮೇಶನ್ ಅಂಡ್ ಕಂಟ್ರೋಲ್' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಕೆ. ಆರ್. ರಾಜಗೋಪಾಲನ್ ಕನ್ನಡ ಗದ್ಯದ ಎಂಟ್ರೊಪಿಯ ಬಗ್ಗೆ ಐದು ಪುಟದ ಟಿಪ್ಪಣಿ ಪ್ರಕಟಿಸಿದರು. ಎರಡು ವರ್ಷ ಹಿಂದೆ ಅಲ್ಲೇ ಗಿಫ್ಟ್ ಸಿರೊಮನಿ ತಮಿಳು ಗದ್ಯದ ಲೆಕ್ಕ ಕೊಟ್ಟಿದ್ದರು, 1968ರಲ್ಲಿ ತೆಲುಗೂ ಬಂತು. ಎಂಟ್ರೊಪಿ ಎಂದರೆ ಒಂದು ಅಕ್ಷರ ಸರಾಸರಿ ಹೊರುವ ಸುದ್ದಿ. ಐವತ್ತು ವರ್ಣಗಳೂ ಸಮನಾಗಿ ಬರುವ ಹಾಗಿದ್ದರೆ ಪ್ರತಿಯೊಂದರ ತೂಕ 5.64 ಬಿಟ್ ಆಗುತ್ತಿತ್ತು. ಆದರೆ ನಮ್ಮಲ್ಲಿ 'ಅ' ಹೆಜ್ಜೆ ಹೆಜ್ಜೆಗೂ ಬರುತ್ತದೆ, 'ಝ' ಅಪರೂಪ. ಹೀಗಾಗಿ ತೂಕ ಅದಕ್ಕಿಂತ ಇಳಿಯುತ್ತದೆ. ಲೆಕ್ಕಕ್ಕೆ ಮೊದಲೇ ಒಂದು ತೊಡಕೂ ಇದೆ, ಯಾವುದನ್ನು ಒಂದು ಎಂದು ಎಣಿಸುವುದು? 'ಸ್ತ್ರೀ' ಕಣ್ಣಿಗೆ ಒಂದು ಅಕ್ಷರ, ಬಿಡಿಸಿದರೆ ಸಕಾರ, ತಕಾರ, ರಕಾರ, ಈಕಾರ ಎಂದು ನಾಲ್ಕು. ಒತ್ತು, ಕಾಗುಣಿತ ಸೇರಿಸಿ ಎಣಿಸಿದರೆ ಚಿಹ್ನೆಗಳು ಸಾವಿರ ದಾಟುತ್ತವೆ, ವರ್ಣ ಬಿಡಿಸಿ ಎಣಿಸಿದರೆ ಐವತ್ತರ ಆಸುಪಾಸು. ಎರಡು ಕ್ರಮದಲ್ಲಿ ಬರುವ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಇಟ್ಟುಕೊಂಡ ಶಾನನ್ನನಿಗೆ ಈ ತೊಡಕು ಇರಲಿಲ್ಲ.

ಆ ಪುಸ್ತಕದ ಆರು ಲೇಖಕರಲ್ಲಿ ಒಬ್ಬರ ದಾರಿಯನ್ನು ಮಾತ್ರ ಸ್ವಲ್ಪ ದೂರ ಹಿಂಬಾಲಿಸಬೇಕು. ಬಿಷ್ಣು ಅಟಲ್ ಬೆಂಗಳೂರಿನಲ್ಲಿ ಓದಿ, ಅಲ್ಲೇ ಕೆಲಕಾಲ ಪಾಠ ಹೇಳಿ, 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಮನುಷ್ಯನ ದನಿಯ ಮುಂದಿನ ತುಣುಕನ್ನು ಹಿಂದಿನ ತುಣುಕುಗಳಿಂದ ಊಹಿಸಿ, ಊಹೆ ತಪ್ಪಿದ್ದಷ್ಟನ್ನೇ ಕಳಿಸಿದರೆ ಸಾಲದೇ ಎಂಬುದು ಅವರ ವಿಚಾರ. ನಮ್ಮ ಬಸ್ ಬೋರ್ಡಿನ ಆಟವನ್ನೇ ಅವರು ದನಿಯ ಮೇಲೆ ಆಡಿದರು. 1985ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ನಡೆದ ಸಂಕೇತ ಸಂಸ್ಕರಣೆಯ ಸಮ್ಮೇಳನದಲ್ಲಿ ಮಾನ್‌ಫ್ರೆಡ್ ಶ್ರೋಡರ್ ಜೊತೆ ಅವರು ಸೆಲ್ಪ್ ಎಂಬ ವಿಧಾನವನ್ನು ಮುಂದಿಟ್ಟರು. ಆಗ ಒಂದು ಸೆಕೆಂಡಿನ ಮಾತನ್ನು ಸಂಕೇತಿಸಲು ಕ್ರೇ-1 ಎಂಬ ಮಹಾಗಣಕಕ್ಕೇ ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಮುಂದೆ ಅದೇ ಕುಟುಂಬದ ವಿಧಾನಗಳು ಡಿಜಿಟಲ್ ಮೊಬೈಲಿನೊಳಗೆ ಸೇರಿದವು. ಕುಂದಗೋಳದ ಹೊಲದಿಂದ ರೈತ ಮನೆಗೆ ಫೋನು ಮಾಡಿದಾಗ ಆ ದನಿಯನ್ನು ಹಿಡಿ ಗಾತ್ರಕ್ಕೆ ಇಳಿಸುವ ಗಣಿತದಲ್ಲಿ ಬೆಂಗಳೂರಿನಲ್ಲಿ ಅಕ್ಷರ ಎಣಿಸಿದ ಒಬ್ಬರ ಕೈಯಿದೆ. ಅದೇ 1985ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಮಾಹಿತಿ ಸಿದ್ಧಾಂತದ ಗೋಷ್ಠಿಗೆ, ವರ್ಷಗಟ್ಟಲೆ ಇಂಥ ಕಡೆ ಕಾಣಿಸಿಕೊಳ್ಳದಿದ್ದ ಶಾನನ್ ಹೇಳದೆ ಕೇಳದೆ ಬಂದ. ಊಟದ ಹೊತ್ತಿಗೆ ನಾಲ್ಕು ಮಾತಾಡಿ, ಕೇಳುವವರಿಗೆ ಬೇಸರವಾದೀತೆಂದು ಜೇಬಿನಿಂದ ಮೂರು ಚೆಂಡು ತೆಗೆದು ಆಡಿಸಿ ತೋರಿಸಿದ. ಸಹಿ ಬೇಕೆಂದು ವಿದ್ವಾಂಸರು ಸಾಲುಗಟ್ಟಿದರು.

ಇದೆಲ್ಲ ದೂರದ ಸಭಾಂಗಣಗಳ ಮಾತು. ಹಳ್ಳಿಗೆ ಈ ವಿದ್ಯೆ ಬಂದ ದಿನ ಬೇರೆ, ಅದು ಬಂದದ್ದು ಧಾರವಾಡದ ಪಕ್ಕಕ್ಕೇ. ಅಂದಿನ ಕಾಲದಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ತಾಸುಗಟ್ಟಲೆ ಕಾಯಬೇಕು, ಸಿಕ್ಕ ಮೇಲೂ ಹಲೋ ಹಲೋ ಎಂದು ಕೂಗಬೇಕು. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರ ಸಿ-ಡಾಟ್ ಸ್ಥಾಪನೆಯಾಯಿತು. ಸ್ಯಾಮ್ ಪಿತ್ರೋಡಾ ಮತ್ತು ಯುವ ಎಂಜಿನಿಯರುಗಳು ಸೇರಿ 128 ಪೋರ್ಟಿನ ಡಿಜಿಟಲ್ ಗ್ರಾಮೀಣ ಎಕ್ಸ್‌ಚೇಂಜ್ ಕಟ್ಟಿದರು. ವಿದೇಶದ ಡಿಜಿಟಲ್ ಎಕ್ಸ್‌ಚೇಂಜುಗಳಿಗೆ ಹವಾನಿಯಂತ್ರಿತ ಕೋಣೆ ಬೇಕಾಗುತ್ತಿತ್ತು, ಇದು ನಮ್ಮ ಧೂಳು, ಬಿಸಿಲಿನಲ್ಲೇ ನಡೆಯಬೇಕಿತ್ತು. ಅದು ಮೊದಲು ಕೆಲಸ ಶುರು ಮಾಡಿದ್ದು 1986ರ ಜುಲೈನಲ್ಲಿ ಕಿತ್ತೂರಿನಲ್ಲಿ. ಧಾರವಾಡದಿಂದ ಬೆಳಗಾವಿ ರಸ್ತೆ ಹಿಡಿದರೆ ಸಿಗುವ, ರಾಣಿ ಚನ್ನಮ್ಮನ ಕಿತ್ತೂರು. ಈ ಎಕ್ಸ್‌ಚೇಂಜ್ ಮುಂದೆ ದೇಶದ ಸಾವಿರಾರು ಹಳ್ಳಿಗಳಿಗೆ ಹೋಯಿತು. ಸಂವಹನ ಸಂಶೋಧನೆಯ ಚರಿತ್ರೆಯಲ್ಲಿ ಕಿತ್ತೂರಿಗೆ ಸಲ್ಲಬೇಕಾದ ಪುಟ ಇನ್ನೂ ನಮ್ಮ ಪಠ್ಯಗಳಲ್ಲಿ ಕಾಣಿಸುತ್ತಿಲ್ಲ. ಕೋಟೆ ನೋಡಲು ಹೋಗುವ ಮಕ್ಕಳಿಗೆ ಶಿಕ್ಷಕರು ಇದನ್ನೂ ಒಂದು ಮಾತು ಹೇಳಲಿ.

ವಿದ್ವತ್ ಸಭೆಗಳು ನಿಯಮಿತವಾಗಿ ನಮ್ಮ ದೇಶದಲ್ಲೇ ಸೇರತೊಡಗಿದ್ದು ತೊಂಬತ್ತರ ದಶಕದಲ್ಲಿ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಜಂಟಿ ಟೆಲಿಮ್ಯಾಟಿಕ್ಸ್ ಬಳಗ 1995ರಿಂದ ವರ್ಷಕ್ಕೊಮ್ಮೆ ರಾಷ್ಟ್ರೀಯ ಸಂವಹನ ಸಮ್ಮೇಳನ ನಡೆಸುತ್ತ ಬಂದಿದೆ. ಒಂದೊಂದು ವರ್ಷ ಒಂದೊಂದು ಕ್ಯಾಂಪಸ್ಸು. ಎರಡು ವರ್ಷಕ್ಕೊಮ್ಮೆ ಬೆಂಗಳೂರಿನಲ್ಲೇ ಸಂಕೇತ ಸಂಸ್ಕರಣೆ, ಸಂವಹನಗಳ ಸಮ್ಮೇಳನವಾದ ಎಸ್‌ಪಿಕಾಮ್ ಸೇರುತ್ತದೆ. ಆದರೆ ಮಾಹಿತಿ ಸಿದ್ಧಾಂತದವರ ಅಂತರರಾಷ್ಟ್ರೀಯ ಸಂಘ ತನ್ನ ಕಾರ್ಯಾಗಾರವನ್ನು ಬೆಂಗಳೂರಿಗೆ ತಂದದ್ದು 2002ರ ಅಕ್ಟೋಬರ್ 20ರಿಂದ 25ರವರೆಗೆ. ಆ ಹೊತ್ತಿಗೆ ತಪ್ಪು ತಿದ್ದುವ ಟರ್ಬೊ ಸಂಕೇತ, ಎಲ್‌ಡಿಪಿಸಿ ಸಂಕೇತಗಳ ಕಾವು ಜೋರಾಗಿತ್ತು. ಶಾನನ್ ಹೇಳಿದ ಮಿತಿಯ ತೀರ ಹತ್ತಿರಕ್ಕೆ ನಿಜವಾಗಿ ಹೋಗಬಹುದೆಂದು 1993ರಲ್ಲಿ ಜಿನೀವಾದ ಸಮ್ಮೇಳನವೊಂದರಲ್ಲಿ ಫ್ರೆಂಚ್ ಎಂಜಿನಿಯರುಗಳು ತೋರಿಸಿದ ಮೇಲೆ ಇಡೀ ಕ್ಷೇತ್ರ ಎದ್ದು ಕೂತಿತ್ತು.

ಬೆಂಗಳೂರಿನ ಆ ಕಾರ್ಯಾಗಾರಕ್ಕೆ ವಿದ್ವಾಂಸರು ಬರುವುದಕ್ಕೆ ಕಾರಣ ಇತ್ತು. ಪ್ರೀತಿ ಶಂಕರ್ ಅವರನ್ನೇ ತೆಗೆದುಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ಗಣಕ ವಿಜ್ಞಾನ ವಿಭಾಗದಲ್ಲಿದ್ದ ಅವರು 1979ರಲ್ಲಿ, ಸೊನ್ನೆ-ಒಂದುಗಳ ಬದಲು ಯಾವುದೇ ಪೂರ್ಣಾಂಕಗಳ ವಲಯದ ಮೇಲೆ ತಪ್ಪು ತಿದ್ದುವ ಬಿಸಿಎಚ್ ಸಂಕೇತಗಳನ್ನು ಕಟ್ಟುವುದು ಹೇಗೆಂದು ಬರೆದರು. ಹದಿನೈದು ವರ್ಷದ ನಂತರ, 1994ರಲ್ಲಿ, ನಾಲ್ಕರ ಅಂಕಗಣಿತದ ಮೇಲೆ ನಿಂತ ಸಂಕೇತಗಳು ಒಂದು ಹಳೆಯ ಒಗಟನ್ನು ಬಿಡಿಸಿದವೆಂದು ಐವರು ಗಣಿತಜ್ಞರು ತೋರಿಸಿದರು. ಆ ಲೇಖನಕ್ಕೆ ಮರುವರ್ಷ ಮಾಹಿತಿ ಸಿದ್ಧಾಂತ ಸಂಘದ ಪ್ರಶಸ್ತಿ ಬಂತು. ಅವರಲ್ಲಿ ಒಬ್ಬರಾದ ಪಿ. ವಿಜಯ ಕುಮಾರ್ 2003ರಲ್ಲಿ ಬೆಂಗಳೂರಿಗೇ ಬಂದು ನೆಲೆಸಿದರು. ಒಂದು ಕಾಲಕ್ಕೆ ಒಂಟಿಯಾಗಿ ಬರೆದ ಪುಟಗಳು ಹೀಗೆ ಜೊತೆ ಕಂಡುಕೊಂಡವು. ಪ್ರೀತಿ ಶಂಕರ್ 2011ರಲ್ಲಿ ತೀರಿಕೊಂಡರು.

ಇನ್ನು ಧಾರವಾಡಕ್ಕೆ ಬರುವ ದಾರಿ. ರಾಮಕೃಷ್ಣರ ಜೊತೆ ಕೆಲಸ ಮಾಡಿ, ಲೇಖನ ಬರೆದವರಲ್ಲಿ ಬಿ. ಯಜ್ಞನಾರಾಯಣ ಒಬ್ಬರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮುಗಿಸಿ ಮುಂದೆ ಐಐಟಿ ಮದ್ರಾಸಿನಲ್ಲಿ ಮಾತಿನ ಸಂಸ್ಕರಣೆಯ ದೊಡ್ಡ ಬಳಗ ಬೆಳೆಸಿದರು. ಅಲ್ಲಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರು ಎಸ್. ಆರ್. ಮಹದೇವ ಪ್ರಸನ್ನ. ಪ್ರಸನ್ನರು ಗುವಾಹಟಿ ಐಐಟಿಯಲ್ಲಿ ಪಾಠ ಹೇಳುತ್ತಿದ್ದಾಗ ಅವರ ವಿದ್ಯಾರ್ಥಿಯಾಗಿದ್ದ ಎಚ್. ಎಸ್. ಜಯಣ್ಣ ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಗೆ ಮರಳಿ, ಜಿ. ತಿಮ್ಮರಾಜ ಯಾದವ ಜೊತೆ ಒಂದು ಕೆಲಸ ಹಿಡಿದರು: ರೈತ ಫೋನಿನಲ್ಲಿ ಕನ್ನಡದಲ್ಲಿ ಕೇಳಿದರೆ ಬೆಳೆಯ ಪೇಟೆ ಧಾರಣೆ, ಹವಾಮಾನ ಹೇಳುವ ವ್ಯವಸ್ಥೆ. ಅದಕ್ಕಾಗಿ ಕರ್ನಾಟಕದ ಬೇರೆ ಬೇರೆ ಭಾಗದ ರೈತರ ದನಿಗಳನ್ನು, ಅವರಿದ್ದ ಸದ್ದುಗದ್ದಲದಲ್ಲೇ ಸಂಗ್ರಹಿಸಿದರು. ನನಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಿಯವಾದ ತಿರುವು ಇದು. ಅಚ್ಚಾದ ಅಕ್ಷರ ಎಣಿಸುತ್ತಿದ್ದ ವಿದ್ಯೆ ಮೂರು ತಲೆಮಾರು ದಾಟಿ ಹೊಲದ ಬದುವಿನಲ್ಲಿ ನಿಂತವರ ಬಾಯಿಗೆ ಕಿವಿಗೊಟ್ಟಿತು.

ಅಷ್ಟರಲ್ಲಿ ಧಾರವಾಡದಲ್ಲೂ ಮನೆ ಸಿದ್ಧವಾಗುತ್ತಿತ್ತು. 2015ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ (ಐಐಐಟಿ) ಬಂತು. 2016ರ ಜುಲೈನಲ್ಲಿ ಧಾರವಾಡದ ಬಳಿಯ ಬೇಲೂರಿನ ವಾಲ್ಮಿ ಆವರಣದಲ್ಲಿ, ನೀರು-ನೆಲದ ನಿರ್ವಹಣೆ ಕಲಿಸುವ ಕಟ್ಟಡಗಳಲ್ಲೇ, ಐಐಟಿ ತರಗತಿಗಳು ಶುರುವಾದವು. 2022ರ ಸೆಪ್ಟೆಂಬರ್ 26ರಂದು ಐಐಐಟಿಯ ಹೊಸ ಆವರಣವನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಚಿಕ್ಕಮಲ್ಲಿಗವಾಡದ ಐಐಟಿ ಆವರಣ 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿಯವರಿಂದ ಲೋಕಾರ್ಪಣೆಯಾಯಿತು. ಪ್ರಸನ್ನರು ಗುವಾಹಟಿಯಿಂದ ಮೊದಲು ಧಾರವಾಡದ ಐಐಟಿಗೆ ಬಂದರು, ಆಮೇಲೆ ಐಐಐಟಿಯ ನಿರ್ದೇಶಕರಾದರು.

ಅದೇ 2023ರ ನವೆಂಬರ್ 29ರಿಂದ ಡಿಸೆಂಬರ್ 2ರವರೆಗೆ ಸ್ಪೆಕಾಮ್‌ನ ಇಪ್ಪತ್ತೈದನೆಯ ಸಮ್ಮೇಳನ ಧಾರವಾಡದಲ್ಲಿ ಸೇರಿತು. ಮಾತು ಮತ್ತು ಗಣಕದ ಈ ಅಂತರರಾಷ್ಟ್ರೀಯ ಸಭೆ ಹುಟ್ಟಿದ್ದು 1996ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಬುಡಾಪೆಸ್ಟ್, ಲೈಪ್‌ಜಿಗ್, ಇಸ್ತಾಂಬುಲ್ ಸುತ್ತಿ, ಕೋವಿಡ್ ಕಾಲದಲ್ಲಿ ಆನ್‌ಲೈನಿಗೆ ಇಳಿದು, 2022ರಲ್ಲಿ ಗುರುಗ್ರಾಮಕ್ಕೆ ಬಂದಿತ್ತು. ಮರುವರ್ಷವೇ ಧಾರವಾಡ. ಪ್ರಬಂಧಗಳು ಎರಡು ದಪ್ಪ ಸಂಪುಟಗಳಾಗಿ ಹೊರಬಂದವು. ಸಂಪಾದಕರ ಸಾಲಿನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಅಲೆಕ್ಸಿ ಕಾರ್ಪೊವ್ ಇದ್ದಾರೆ, ಕೆ. ಸಮುದ್ರವಿಜಯ, ರಾಜೇಶ್ ಹೆಗಡೆ, ಶ್ಯಾಮ್ ಅಗ್ರವಾಲ್ ಇದ್ದಾರೆ, ಧಾರವಾಡದ ಕೆ. ಟಿ. ದೀಪಕ್ ಮತ್ತು ಪ್ರಸನ್ನ ಇದ್ದಾರೆ. ಜಗತ್ತಿನ ಗ್ರಂಥಾಲಯಗಳಲ್ಲಿ ಆ ಸಂಪುಟಗಳ ಮುಖಪುಟದ ಮೇಲೆ ಸಮಾವೇಶದ ಊರಾಗಿ ಅಚ್ಚಾಗಿರುವ ಹೆಸರು ಧಾರವಾಡ.

ಇಂಥ ಸಭೆಗಳಲ್ಲಿ ಕಡಿಮೆ ದತ್ತಾಂಶದ ಭಾಷೆಗಳೆಂದು ಒಂದು ಪ್ರತ್ಯೇಕ ಚರ್ಚೆ ಇದ್ದೇ ಇರುತ್ತದೆ. ಕನ್ನಡ ಕೋಟಿಗಟ್ಟಲೆ ಜನರ ಮಾತಾದರೂ, ಯಂತ್ರಕ್ಕೆ ಕಲಿಸಲು ಬೇಕಾದ ಧ್ವನಿಮುದ್ರಣದ ಲೆಕ್ಕದಲ್ಲಿ ಇಂಗ್ಲಿಷಿಗಿಂತ ಬಹಳ ಹಿಂದೆ ನಿಲ್ಲುತ್ತದೆ. ಅದರೊಳಗೂ ನಮ್ಮ ಕಡೆಯ ಮಾತು ಇನ್ನಷ್ಟು ಹಿಂದೆ. ಪಠ್ಯದ 'ಇದೆ' ನವಲಗುಂದದ ಹೊಲದಲ್ಲಿ 'ಐತಿ', ಧಾರವಾಡದ ಓಣಿಗಳಲ್ಲಿ 'ಅದ'. ಪೇಟೆ ಧಾರಣೆ ಹೇಳುವ ಯಂತ್ರಕ್ಕೆ ಬರೀ ದಕ್ಷಿಣದ ದನಿಗಳನ್ನು ಕೇಳಿಸಿದ್ದರೆ, ಅಣ್ಣಿಗೇರಿಯ ರೈತ ಕಡ್ಲಿ ರೇಟು ಕೇಳಿದಾಗ ಅದು ಶೇಂಗಾದ ರೇಟು ಹೇಳಿಬಿಡುವ ಸಂಭವವೇ ಹೆಚ್ಚು. ಶಾನನ್ನನ ಭಾಷೆಯಲ್ಲಿ ಹೇಳುವುದಾದರೆ ಮುಂದಿನ ಪದದ ಬಗ್ಗೆ ಯಂತ್ರ ಕಟ್ಟಿಕೊಂಡ ನಿರೀಕ್ಷೆಯೇ ಈ ನೆಲದ್ದಲ್ಲ.

1965ರ ಲೆಕ್ಕ ನಡೆದದ್ದು ಅಚ್ಚಿನ ಗದ್ಯದ ಮೇಲೆ. ಅದನ್ನು ಆಡುಮಾತಿನ ಮೇಲೆ, ತಾಲ್ಲೂಕು ತಾಲ್ಲೂಕಾಗಿ ಹೊಸದಾಗಿ ಮಾಡಲು ಬೇಕಾದ ಜನ, ಯಂತ್ರ, ಪ್ರಯೋಗಾಲಯ ಎಲ್ಲವೂ ಈಗ ಧಾರವಾಡ ಜಿಲ್ಲೆಯೊಳಗೇ ಇವೆ. ಮುಂದಿನ ಸಮಾವೇಶ ಇಲ್ಲಿ ಸೇರಿದಾಗ ಅದರ ಒಂದು ದಿನ ಕನ್ನಡದಲ್ಲಿ ನಡೆಯಲಿ, ಆ ದಿನ ಕ್ಯಾಂಪಸ್ಸು ಬಿಟ್ಟು ಅಣ್ಣಿಗೇರಿಯ ಎಪಿಎಂಸಿಗೆ ಬರಲಿ ಎಂದು ನನ್ನ ಆಸೆ. ಆಗಸ್ಟ್ ಕೊನೆಗೆ ಎರೆಹೊಲಗಳ ಹೆಸರು ಕಾಳು ಪೇಟೆಗೆ ಬರುತ್ತದೆ. ಹಮಾಲರು, ದಲಾಲರು, ಟ್ರ್ಯಾಕ್ಟರು, ಸವಾಲಿನ ಕೂಗು ಎಲ್ಲ ಒಟ್ಟಿಗೆ ಏಳುವ ಆ ವಾರ ಅಲ್ಲಿ ಮೈಕು ಹಿಡಿದರೆ, ಗದ್ದಲದ ನಡುವೆ ಸುದ್ದಿ ಮುಟ್ಟಿಸುವ ಈ ಶಾಸ್ತ್ರಕ್ಕೆ ಬೇಕಾದ ದನಿಗಳೆಲ್ಲ ಒಂದೇ ಅಂಗಳದಲ್ಲಿ ಸಿಗುತ್ತವೆ.